ರದ್ದಿಗೆ ಕೊಡುವ ಮುನ್ನ

ದೀಪಾವಳಿ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಎರಡು ಪಕ್ಷಗಳು ತಲೆಯೆತ್ತುತ್ತವೆ. ಒಂದು ಸುಣ್ಣ ಬಳಿಯುವ ಪಕ್ಷ. ಇನ್ನೊಂದು ಅಟ್ಟವನ್ನು ಮುಟ್ಟಬೇಡಿರೆನ್ನುವ ಪಕ್ಷ. ಮೊದಲನೆಯ ಪಕ್ಷಕ್ಕೆ ಪೊರಕೆಯ ಬಲವಿದೆ, ಹಬ್ಬದ ಅವಸರದ ಬೆಂಬಲವಿದೆ. ಎರಡನೆಯ ಪಕ್ಷದಲ್ಲಿ ಬಹುಶಃ ಒಬ್ಬರೇ ಸದಸ್ಯರು, ಮನೆಯ ಹಿರಿಯರು. ‘ಅದರೊಳಗೆ ಮಹತ್ವದ ಕಾಗದಗಳಿವೆ’ ಎಂಬುದೊಂದೇ ಅವರ ವಾದ. ‘ಯಾವ ಮಹತ್ವ?’ ಎಂದು ಕೇಳಿದರೆ ಅವರು ಕನ್ನಡಕವನ್ನು ಹುಡುಕತೊಡಗುತ್ತಾರೆ. ಅಷ್ಟರಲ್ಲಿ ರದ್ದಿಯವನು ಬಾಗಿಲಿಗೆ ಬಂದಿರುತ್ತಾನೆ.

ರದ್ದಿಯವನ ತಕ್ಕಡಿಗೆ ಪಕ್ಷಪಾತವೆಂಬುದಿಲ್ಲ. ದೇಶ ಸ್ವತಂತ್ರವಾದ ದಿನದ ಪತ್ರಿಕೆಗೂ ಸೀರೆಯ ರಿಯಾಯಿತಿ ಮಾರಾಟದ ಜಾಹೀರಾತು ತುಂಬಿದ ಪತ್ರಿಕೆಗೂ ಅಲ್ಲಿ ಒಂದೇ ಧಾರಣೆ. ಆತನನ್ನು ದೂರುವಂತಿಲ್ಲ. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ನಿರ್ಧರಿಸುವುದು ತಕ್ಕಡಿಯ ಕೆಲಸವಲ್ಲ, ಮನೆಯವರ ಕೆಲಸ. ಹಾಗಾದರೆ ಮನೆಯವರು ಏನನ್ನು ಆಧಾರವಾಗಿಟ್ಟುಕೊಂಡು ನಿರ್ಧರಿಸಬೇಕು? ಈ ವಾರ ಆ ವಿಚಾರವನ್ನು ಸ್ವಲ್ಪ ಸಾವಧಾನವಾಗಿ ನೋಡೋಣ.

ಮೊದಲು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಎಲ್ಲರೂ ಇಟ್ಟುಕೊಳ್ಳುವ ಪತ್ರಿಕೆಗಳ ಬಗ್ಗೆ ಅಷ್ಟೊಂದು ಚಿಂತೆ ಬೇಡ. 1947ರ ಆಗಸ್ಟ್ 15, 1956ರ ನವೆಂಬರ್ 1, ರಾಜ್ಯಕ್ಕೆ ‘ಕರ್ನಾಟಕ’ವೆಂಬ ಹೆಸರು ಬಂದ 1973ರ ನವೆಂಬರ್ 1 — ಇಂಥ ದಿನಗಳ ಪತ್ರಿಕೆಗಳನ್ನು ಸಾವಿರಾರು ಜನ ಮಡಿಸಿಟ್ಟಿದ್ದಾರೆ, ಗ್ರಂಥಾಲಯಗಳೂ ಇಟ್ಟಿವೆ. ಪ್ರಕಟವಾದ ಪ್ರತಿಯೊಂದು ಪುಸ್ತಕದ ಪ್ರತಿಯನ್ನು ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯವೇ ಮೊದಲಾದ ಸಾರ್ವಜನಿಕ ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂಬ ಕಾಯಿದೆ 1954ರಲ್ಲಿ ಬಂದಿತು; 1956ರ ತಿದ್ದುಪಡಿಯಿಂದ ವೃತ್ತಪತ್ರಿಕೆಗಳೂ ಅದರ ವ್ಯಾಪ್ತಿಗೆ ಸೇರಿದವು. ನಿಮ್ಮ ಅಟ್ಟದ ಪ್ರತಿ ಗೆದ್ದಲಿಗೆ ಆಹಾರವಾದರೂ ಆ ದಿನ ನಾಡಿನ ನೆನಪಿನಿಂದ ಅಳಿದುಹೋಗುವುದಿಲ್ಲ.

ಅಳಿದುಹೋಗುವುದು ಬೇರೆ ಬಗೆಯ ದಿನ. ರಾಜಧಾನಿಯಲ್ಲಿ ನಡೆಯದೆ ಹಳ್ಳಿಯಲ್ಲಿ ನಡೆದ ದಿನ. ಬೆಳಗ್ಗೆ ಎದ್ದಾಗ ಯಾರಿಗೂ ಇತಿಹಾಸವೆಂದು ತೋರದೆ, ಸಂಜೆಯ ಹೊತ್ತಿಗೆ ಇತಿಹಾಸವಾಗಿಬಿಟ್ಟಿದ್ದ ದಿನ. ಇದಕ್ಕೊಂದು ನಿದರ್ಶನ ಬೇಕಾದರೆ ವರದಾ ನದಿಯ ದಂಡೆಯ ಹೊಸರಿತ್ತಿಗೆ ಹೋಗಬೇಕು.

ಹಾವೇರಿಯಿಂದ ಬಹಳ ದೂರವಲ್ಲದ ಊರದು. ಅಂದು ಅದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಹಾವೇರಿ ತಾನೇ ಒಂದು ಜಿಲ್ಲೆಯಾದದ್ದು 1997ರಲ್ಲಿ. ‘ಭಾರತ ಬಿಟ್ಟು ತೊಲಗಿ’ ಚಳವಳಿಯ ಕಿಚ್ಚು ಆ ಸೀಮೆಯ ಹಳ್ಳಿಹಳ್ಳಿಗೂ ಹಬ್ಬಿತ್ತು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಆ ಹೋರಾಟದ ಮುಂಚೂಣಿಯಲ್ಲಿದ್ದವರು. 1930ರಲ್ಲಿ ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಉಪ್ಪಿನ ಸತ್ಯಾಗ್ರಹಕ್ಕೆ ಹೊರಟಾಗ ಆ ತಂಡದೊಡನೆ ಹೆಜ್ಜೆ ಹಾಕಿದ ಕನ್ನಡಿಗರು ಅವರು; ಆಗ ಅವರಿಗೆ ಹತ್ತೊಂಬತ್ತು ತುಂಬಿರಲಿಲ್ಲ. ಅವರ ಪತ್ನಿ ಸಿದ್ಧಮ್ಮನವರೂ ಸ್ವಾತಂತ್ರ್ಯಕ್ಕಾಗಿ ದುಡಿದವರೇ. 1943ರ ಏಪ್ರಿಲ್ 1ರಂದು ಮಹಾದೇವಪ್ಪನವರು ಸಂಗಡಿಗರೊಡನೆ ಹೊಸರಿತ್ತಿಗೆ ಬಂದರು. ಜನರಿಂದ ವಸೂಲಾದ ಕಂದಾಯದ ಹಣವನ್ನು ಪರಕೀಯ ಸರಕಾರದ ಬೊಕ್ಕಸಕ್ಕೆ ಹೋಗಗೊಡಬಾರದೆಂಬುದು ಅವರ ಉದ್ದೇಶ. ಪೊಲೀಸರು ಗುಂಡು ಹಾರಿಸಿದರು. ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ — ಮೂವರು ಪ್ರಾಣವನ್ನು ತೆತ್ತರು. ಮಹಾದೇವಪ್ಪನವರಿಗೆ ಆಗಿನ್ನೂ ಮೂವತ್ತೆರಡು ತುಂಬಿರಲಿಲ್ಲ.

ಇಂದು ಹಾವೇರಿಯ ರೈಲು ನಿಲ್ದಾಣಕ್ಕೆ ಅವರ ಹೆಸರಿದೆ. ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿಯನ್ನು ಹೊರತಂದಿದೆ. ನಾಡು ಅವರನ್ನು ಮರೆತಿಲ್ಲವೆಂಬುದು ಸಂತೋಷದ ಮಾತು. ಆದರೆ ಹೆಸರು ಉಳಿಯುವುದು ಬೇರೆ, ದಿನ ಉಳಿಯುವುದು ಬೇರೆ. ಆ ಗುರುವಾರ ಊರು ಹೇಗಿತ್ತು, ಗುಂಡಿನ ಸದ್ದು ಕೇಳಿದಾಗ ಯಾರು ಬಾಗಿಲು ಹಾಕಿಕೊಂಡರು, ಯಾರು ಹೊರಗೆ ಓಡಿಬಂದರು, ಸುದ್ದಿ ಹಾವೇರಿಗೆ ಮುಟ್ಟಿದ್ದು ಯಾರ ಬಾಯಿಂದ, ಅಂದು ರಾತ್ರಿ ಎಷ್ಟು ಮನೆಗಳಲ್ಲಿ ಒಲೆ ಹೊತ್ತಲಿಲ್ಲ — ಇವು ಕಲ್ಲಿನ ಮೇಲೆ ಕೆತ್ತುವ ಸಂಗತಿಗಳಲ್ಲ. ಇವು ಉಳಿದರೆ ಕಾಗದದಲ್ಲಿ ಉಳಿಯಬೇಕು, ಇಲ್ಲವೆ ಅಜ್ಜಿಯರ ಬಾಯಲ್ಲಿ ಉಳಿಯಬೇಕು. ಎರಡೂ ಬಾಳಿಕೆ ಕಡಿಮೆಯಾದ ವಸ್ತುಗಳೇ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿರಿ. 1943ರ ಏಪ್ರಿಲ್ 1ನೆಯ ತಾರೀಖು ಹೊತ್ತ ಬೆಳಗಿನ ಪತ್ರಿಕೆಯನ್ನು ಯಾರಾದರೂ ಭದ್ರವಾಗಿ ಕಾಪಾಡಿದ್ದರೆ ಅದರಲ್ಲಿ ಹೊಸರಿತ್ತಿಯ ಹೆಸರು ಇರಲಾರದು. ಆ ಪತ್ರಿಕೆ ಅಚ್ಚಾದಾಗ ಘಟನೆ ನಡೆದೇ ಇರಲಿಲ್ಲ. ಐತಿಹಾಸಿಕ ದಿನದ ಪತ್ರಿಕೆ ಸಾಮಾನ್ಯವಾಗಿ ಐತಿಹಾಸಿಕ ಘಟನೆಯ ಪತ್ರಿಕೆಯಲ್ಲ. ಗಾಂಧೀಜಿಯವರ ಕೊಲೆಯಾದದ್ದು 1948ರ ಜನವರಿ 30ರ ಸಂಜೆ. ನಾಡನ್ನು ಅಳಿಸಿದ ಬೆಳಗಿನ ಪತ್ರಿಕೆಯ ಮೇಲಿದ್ದದ್ದು 31ರ ತಾರೀಖು. 1947ರ ಆಗಸ್ಟ್ 15ರ ಪತ್ರಿಕೆಯಲ್ಲಿ ನಿರೀಕ್ಷೆಯಿದೆ, ನಾಯಕರ ಸಂದೇಶಗಳಿವೆ. ಊರೂರಿನ ಧ್ವಜಾರೋಹಣ, ಮೆರವಣಿಗೆ, ಹಂಚಿದ ಸಕ್ಕರೆ, ಬಿಡುಗಡೆಯಾದ ಕೈದಿಗಳು — ಇವೆಲ್ಲ ಇರುವುದು ಅನಂತರದ ಸಂಚಿಕೆಗಳಲ್ಲಿ. ಆದುದರಿಂದ ಮೊದಲನೆಯ ಸೂತ್ರವಿದು: ದಿನದ ಪತ್ರಿಕೆಯನ್ನು ಇಟ್ಟರೆ ಸಾಲದು, ಮರುದಿನದ್ದನ್ನೂ ಮುಂದಿನ ವಾರದ್ದನ್ನೂ ಇಡಿರಿ. ಮೊದಲನೆಯದರಲ್ಲಿ ಸುದ್ದಿ, ಎರಡನೆಯದರಲ್ಲಿ ವಿವರ, ಮೂರನೆಯದರಲ್ಲಿ ತಿದ್ದುಪಡಿ. ಇತಿಹಾಸಕ್ಕೆ ಮೂರೂ ಬೇಕು.

ಹಳ್ಳಿಯ ಸುದ್ದಿಗಂತೂ ಆ ದಿನಗಳಲ್ಲಿ ಪತ್ರಿಕೆಯ ದಾರಿ ಸುಗಮವಾಗಿರಲಿಲ್ಲ. ಯುದ್ಧದ ಕಾಲ; ಅಚ್ಚಿನ ಕಾಗದಕ್ಕೆ ಬರಗಾಲ; ಪುಟಗಳು ಕಡಿಮೆ. ಇದ್ದ ಪುಟಗಳ ಮೇಲೂ ಸರಕಾರದ ಕತ್ತರಿ. 1929ರಲ್ಲಿ ಬೆಳಗಾವಿಯಲ್ಲಿ ಹುಟ್ಟಿ ಮುಂದೆ ಹುಬ್ಬಳ್ಳಿಗೆ ಬಂದ ‘ಸಂಯುಕ್ತ ಕರ್ನಾಟಕ’ದಂಥ ಪತ್ರಿಕೆಗಳು ಆ ಇಕ್ಕಟ್ಟಿನಲ್ಲಿಯೇ ಆ ಸೀಮೆಯ ಜನಕ್ಕೆ ಸುದ್ದಿ ಮುಟ್ಟಿಸಬೇಕಾಗಿತ್ತು. ಅಚ್ಚಿನಲ್ಲಿ ಬರಲಾಗದ ಮಾತುಗಳು ಸೈಕ್ಲೋಸ್ಟೈಲ್ ಮಾಡಿದ ಗುಪ್ತಪತ್ರಗಳಲ್ಲಿ ಕೈಯಿಂದ ಕೈಗೆ ಸಾಗುತ್ತಿದ್ದವು. ಅವನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧವಾಗಿದ್ದಾಗ ಓದಿದೊಡನೆ ಒಲೆಗೆ ಹಾಕಿದವರೇ ಹೆಚ್ಚು. ಅಂಥದೊಂದು ಹಾಳೆ ಇಂದು ಯಾರ ಪೆಟ್ಟಿಗೆಯಲ್ಲಾದರೂ ಸಿಕ್ಕಿದರೆ ಅದರ ಬೆಲೆಯನ್ನು ಯಾವ ತಕ್ಕಡಿ ತೂಗಬಲ್ಲದು?

ಇನ್ನೂ ಒಂದು ಸೋಜಿಗವಿದೆ. ಆ ಚಳವಳಿಯಲ್ಲಿ ಹಲವು ಊರುಗಳ ಚಾವಡಿಗೆ ನುಗ್ಗಿ ಸರಕಾರಿ ದಫ್ತರಗಳನ್ನು ಸುಟ್ಟುಹಾಕಿದರು. ಆ ದಫ್ತರಗಳು ಅಂದು ದಾಸ್ಯದ ಗುರುತಾಗಿದ್ದವು. ಸುಟ್ಟವರ ಮೇಲೆ ಇಂದು ಪತ್ರಾಗಾರದ ಅಧಿಕಾರಿಯಂತೆ ಮುನಿಸಿಕೊಳ್ಳುವುದು ಹುಚ್ಚುತನ. ಆದರೆ ಅದರ ಫಲವನ್ನು ಮಾತ್ರ ಅರಿತಿರಬೇಕು. ಒಂದು ಕಡೆ ಊರಿನ ದಾಖಲೆಗಳು ಬೂದಿಯಾದವು. ಇನ್ನೊಂದು ಕಡೆ ಉಳಿದ ಪೊಲೀಸ್ ಕಾಗದಗಳು ಹೋರಾಟಗಾರರನ್ನು ಅಪರಾಧಿಗಳ ಭಾಷೆಯಲ್ಲಿ ಬಣ್ಣಿಸಿದವು. ಹೀಗಿರಲು, ಹೋರಾಟಗಾರರ ಪಕ್ಷದ ಸಾಕ್ಷ್ಯ ಎಲ್ಲಿದೆ? ಮನೆಗಳಲ್ಲಿದೆ. ಜೈಲಿನ ಅಧಿಕಾರಿಯ ಕಣ್ಣು ಹಾಯ್ದು ಬಂದ ಪತ್ರದಲ್ಲಿದೆ, ಚರಖಾದಲ್ಲಿದೆ, ಖಾದಿಯ ಟೊಪ್ಪಿಗೆಯಲ್ಲಿದೆ, ಸದಸ್ಯತ್ವದ ನಾಲ್ಕಾಣೆಯ ರಸೀತಿಯಲ್ಲಿದೆ. ಮನೆಯ ಪೆಟ್ಟಿಗೆ ಸರಕಾರದ ದಫ್ತರಕ್ಕೆ ಉತ್ತರ ಹೇಳುವ ಸಾಕ್ಷಿ. ಅದನ್ನು ನಾವೇ ರದ್ದಿಗೆ ಹಾಕಿದರೆ ವಾದ ಒಂದೇ ಪಕ್ಷದ್ದಾಗುತ್ತದೆ.

ನನ್ನ ವಿದ್ಯಾರ್ಥಿಯೊಬ್ಬನು ಆ ಸೀಮೆಯವನು. ರಜೆಯಲ್ಲಿ ಊರಿಗೆ ಹೋಗುವಾಗ ‘ಮನೆಯಲ್ಲಿ ಹಳೆಯ ಕಾಗದವೇನಾದರೂ ಇದ್ದರೆ ನೋಡಿಕೊಂಡು ಬಾ’ ಎಂದು ಹೇಳಿದ್ದೆ. ಅವನು ಕಾಗದ ತರಲಿಲ್ಲ. ಕೈನೂಲಿನ ಒಂದು ಲಡಿಯ ಚಿತ್ರವನ್ನು ತಂದನು. ಧೂಳು ಹಿಡಿದು ಕಂದಾಗಿದ್ದ ಅದನ್ನು ಮನೆಯವರು ಹೊರಗೆ ಹಾಕಲು ತೆಗೆದಿದ್ದರಂತೆ. ಅಷ್ಟರಲ್ಲಿ ಅವನ ಅಜ್ಜಿ ಅಡ್ಡ ಬಂದರು. ‘ಅದನ್ನ ಒಗಿಬ್ಯಾಡೋ ತಮ್ಮಾ. ಮಾವನವ್ರು ಜೈಲಿನ್ಯಾಗ ಇದ್ದಾಗ ನಮ್ಮತ್ತಿ ದಿನಾ ಹೊತ್ತು ಮುಳುಗೂದಕ್ಕ ಕುಂತು ನೂತಿದ್ದದು. ಅವ್ರು ಬಂದ ದಿನ ನೂಲೂದು ಬಿಟ್ಟಾಳ, ಅಷ್ಟಕ್ಕs ನಿಂತೈತಿ’ ಎಂದರಂತೆ. ಆ ಮಾತು ಕೇಳುವವರೆಗೆ ಅದು ನೂಲು. ಕೇಳಿದ ಮೇಲೆ ಅದು ಪಂಚಾಂಗ. ಒಬ್ಬ ಹೆಂಗಸು ಎಷ್ಟು ಸಂಜೆಗಳನ್ನು ಎಣಿಸಿದಳೆಂಬ ಲೆಕ್ಕ ಅದರಲ್ಲಿದೆ.

ಆದರೆ ಆ ಲೆಕ್ಕ ಲಡಿಯ ಮೇಲೆ ಬರೆದಿಲ್ಲ. ಅಜ್ಜಿಯ ನಾಲಿಗೆಯ ಮೇಲಿದೆ. ಇಲ್ಲಿಯೇ ನಮ್ಮ ಎರಡನೆಯ ಸೂತ್ರವಿದೆ: ವಸ್ತುವನ್ನು ಇಡುವುದಕ್ಕಿಂತ ಮೊದಲು ಅದರ ಮಾತನ್ನು ಬರೆದಿಡಿರಿ. ಇದು ಯಾರದು, ಯಾವಾಗಿನದು, ಮನೆಗೆ ಹೇಗೆ ಬಂತು, ಈ ಸಂಗತಿಯನ್ನು ಹೇಳಿದವರು ಯಾರು, ಬರೆದುಕೊಂಡವರು ಯಾರು, ಯಾವ ತಾರೀಖಿನಂದು — ಈ ಆರು ಪ್ರಶ್ನೆಗಳಿಗೆ ಆರು ಸಾಲು ಸಾಕು. ಹೇಳಿದವರ ಮಾತನ್ನು ಹೇಳಿದಂತೆಯೇ ಬರೆಯಿರಿ, ತಿದ್ದಿ ಗ್ರಾಂಥಿಕವಾಗಿಸಬೇಡಿರಿ. ಕಿಸೆಯಲ್ಲಿರುವ ಮೊಬೈಲಿನಲ್ಲಿ ಅವರ ದನಿಯನ್ನೇ ಹಿಡಿದಿಡಬಹುದಾದ ಕಾಲ ಇದು. ಸಂದೇಹವಿದ್ದಲ್ಲಿ ‘ಸಂದೇಹ’ ಎಂದೇ ಬರೆಯಿರಿ. ಮನೆತನದ ಅಭಿಮಾನಕ್ಕಾಗಿ ಅಜ್ಜನನ್ನು ಅವನು ಹೋಗದ ಜೈಲಿಗೆ ಕಳಿಸಬೇಡಿರಿ. ಹಾಗೆ ಮಾಡಿದರೆ ಅವನು ನಿಜವಾಗಿ ಮಾಡಿದ ಕೆಲಸವನ್ನೂ ಮುಂದಿನವರು ನಂಬುವುದಿಲ್ಲ.

ಇನ್ನು ಕಾಪಾಡುವ ಬಗೆ. ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ಜಾಣರಾಗಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಅದೇ ಕಡತ. ಕಚೇರಿಯ ಫೈಲಿಗೆ ನಾವು ಇಂದಿಗೂ ಕಡತವೆಂದೇ ಹೇಳುತ್ತೇವೆ; ಹೆಸರು ಉಳಿದಿದೆ, ಬಾಳಿಕೆ ಹೋಗಿದೆ. ತಾಳೆಯ ಗರಿಯಂತೂ ಶತಮಾನಗಳನ್ನು ದಾಟಿ ಬಂದಿತು. ವಿಜಾಪುರದ ಫ. ಗು. ಹಳಕಟ್ಟಿಯವರು ಮನೆಮನೆಯ, ಮಠಮಠದ ಓಲೆಕಟ್ಟುಗಳನ್ನು ಅರಸಿ ವಚನಗಳನ್ನು ಬೆಳಕಿಗೆ ತಂದರಷ್ಟೆ. ಆ ಕಟ್ಟುಗಳನ್ನು ಅವರ ಕೈ ಸೇರುವವರೆಗೆ ಕಾಪಾಡಿದವರು ಪಂಡಿತರೊಬ್ಬರೇ ಅಲ್ಲ. ಅರಿವೆಯಲ್ಲಿ ಸುತ್ತಿ ದೇವರ ಮಾಡದಲ್ಲಿಟ್ಟು ಪೂಜಿಸಿದ ಸಾಮಾನ್ಯ ಮನೆಯವರೂ ಅವರಲ್ಲಿದ್ದರು.

ವೃತ್ತಪತ್ರಿಕೆಯ ಕಾಗದಕ್ಕೆ ಮಾತ್ರ ಹುಟ್ಟಿನಲ್ಲಿಯೇ ರೋಗವಿದೆ. ಹಿಂದಿನ ಕಾಗದ ಹೆಚ್ಚಾಗಿ ಚಿಂದಿಬಟ್ಟೆಯಿಂದ ಆಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರದ ತಿರುಳು ಬಳಕೆಗೆ ಬಂದಿತು. ಪತ್ರಿಕೆಯ ಅಗ್ಗದ ಕಾಗದದಲ್ಲಿ ಮರವನ್ನು ಅರೆದ ತಿರುಳು ಹೆಚ್ಚು. ಅದರೊಳಗೆ ಲಿಗ್ನಿನ್ ಎಂಬ ಅಂಟುದ್ರವ್ಯ ಹಾಗೆಯೇ ಉಳಿದಿರುತ್ತದೆ. ಬೆಳಕು ಮತ್ತು ಗಾಳಿ ತಾಕಿದಂತೆ ಅದು ಹಳದಿಗೆ ತಿರುಗುತ್ತದೆ. ಕಾಗದದೊಳಗಿನ ಆಮ್ಲ ನಾರುಗಳನ್ನು ತುಂಡರಿಸುತ್ತದೆ. ಸೆಕೆ ಮತ್ತು ತೇವ ಆ ಕೆಲಸಕ್ಕೆ ವೇಗ ಕೊಡುತ್ತವೆ. ಮುಟ್ಟಿದರೆ ಹಪ್ಪಳದಂತೆ ಮುರಿಯುವುದು ಅದಕ್ಕೇ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಅದರ ಪ್ರತಿಗಳನ್ನು ಬಲ್ಮಠದ ಪತ್ರಾಗಾರದಲ್ಲಿ ಇಂದಿಗೂ ಕಾಪಾಡಿದ್ದಾರೆ. ಯಾರೋ ಜತನ ಮಾಡಿದ್ದರಿಂದ ಅವು ಉಳಿದವು, ತಾವಾಗಿಯೇ ಉಳಿಯಲಿಲ್ಲ.

ಗೃಹಸ್ಥರು ಮಾಡಬಹುದಾದದ್ದು ಇಷ್ಟು. ಪತ್ರಿಕೆಯನ್ನು ಅಟ್ಟದಲ್ಲಿ ಇಡಬೇಡಿರಿ. ಬೇಸಿಗೆಯಲ್ಲಿ ಹಂಚಿನ ಕೆಳಗಿನ ಅಟ್ಟ ಕಾದ ಹಂಚೇ ಸರಿ, ಮಳೆಗಾಲದಲ್ಲಿ ಸೋರುವ ಅಪಾಯ. ನಡುಮನೆಯ ಕಪಾಟು ಉತ್ತಮ; ಹೊರಗೋಡೆಗೆ ತಾಕದಿರಲಿ, ನೆಲದಿಂದ ಒಂದು ಗೇಣು ಮೇಲಿರಲಿ, ಒಲೆಗೂ ಬಚ್ಚಲಿಗೂ ದೂರವಿರಲಿ. ನಾಲ್ಕು ಮಡಿಕೆ ಹಾಕಬೇಡಿರಿ, ಮಡಿಸಿದ ಗೆರೆಯಲ್ಲಿಯೇ ಮೊದಲು ಹರಿಯುತ್ತದೆ. ಸಾಧ್ಯವಾದಷ್ಟು ಬಿಚ್ಚಿ ಚಪ್ಪಟೆಯಾಗಿ ಇಡಿರಿ. ಗುಂಡುಸೂಜಿ, ಪಿನ್ನು, ಕ್ಲಿಪ್ಪುಗಳನ್ನು ತೆಗೆದುಹಾಕಿರಿ. ತುಕ್ಕು ಕಾಗದವನ್ನು ತಿನ್ನುತ್ತದೆ. ಹರಿದಲ್ಲಿ ಸೆಲ್ಲೋ ಟೇಪು ಅಂಟಿಸಬೇಡಿರಿ. ಕೆಲವು ವರ್ಷಗಳಲ್ಲಿ ಟೇಪು ಉದುರುತ್ತದೆ, ಕಂದು ಕಲೆ ಮಾತ್ರ ನಿಲ್ಲುತ್ತದೆ. ಮೈದಾ ಅಂಟು ಹುಳುಗಳಿಗೆ ಹಬ್ಬದೂಟ. ಲ್ಯಾಮಿನೇಷನ್ ಎಂಬ ಪಾರದರ್ಶಕ ಸಮಾಧಿಯನ್ನಂತೂ ಕಟ್ಟಿಸಲೇಬೇಡಿರಿ. ಒಮ್ಮೆ ಬಿಸಿಯಲ್ಲಿ ಅಂಟಿಸಿದ ಹಾಳೆಯನ್ನು ಕೆಡದಂತೆ ಬಿಡಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ, ಒಳಗಿನ ಆಮ್ಲ ಒಳಗೇ ಕೆಲಸ ನಡೆಸುತ್ತಿರುತ್ತದೆ. ಆಮ್ಲರಹಿತ ಕಾಗದದ ಹಾಳೆಗಳು ಈಗ ಕೊಳ್ಳಲು ಸಿಗುತ್ತವೆ. ಎರಡು ಪುಟಗಳ ನಡುವೆ ಒಂದೊಂದನ್ನಿಟ್ಟು, ಅಂಥದೇ ರಟ್ಟಿನ ಪೆಟ್ಟಿಗೆಯಲ್ಲಿಡಿರಿ. ಅದಿಲ್ಲವಾದರೆ ಗಂಜಿಯಿಲ್ಲದ, ಒಗೆದು ಒಣಗಿಸಿದ ಬಿಳಿಯ ಹತ್ತಿಯ ಅರಿವೆಯಲ್ಲಿ ಸುತ್ತಿಡಿರಿ.

ಬೇವಿನ ಎಲೆಯ ಮಾತೇನು ಎಂದು ಕೇಳುವಿರಿ. ಚೆನ್ನಾಗಿ ಒಣಗಿದ್ದರೆ ಪೆಟ್ಟಿಗೆಯ ಮೂಲೆಯಲ್ಲಿ ಅರಿವೆಯ ಗಂಟಿನಲ್ಲಿ ಇರಲಿ. ಹಸಿ ಎಲೆಯನ್ನು ಪುಟಗಳ ನಡುವೆ ಇಟ್ಟರೆ ತೇವವನ್ನೂ ಕಲೆಯನ್ನೂ ನೀವೇ ಕರೆತಂದಂತೆ. ಎಲ್ಲಕ್ಕಿಂತ ದೊಡ್ಡ ಔಷಧವೆಂದರೆ ವರ್ಷಕ್ಕೆರಡು ಬಾರಿ ಪೆಟ್ಟಿಗೆ ತೆರೆದು ನೋಡುವುದು. ನೆರಳಿನಲ್ಲಿ ಗಾಳಿಯಾಡಿಸಿರಿ, ಬಿಸಿಲಿಗೆ ಹಾಕಬೇಡಿರಿ. ಬ್ಯಾಡಗಿಯ ಮೆಣಸಿನಕಾಯಿಗೆ ಬಿಸಿಲು ಬೇಕು, ಹಳೆಯ ಕಾಗದಕ್ಕೆ ಬೇಡ. ತೆರೆಯದ ಪೆಟ್ಟಿಗೆಯ ನಿಜವಾದ ಒಡೆಯ ಗೆದ್ದಲು.

ಇಷ್ಟು ಮಾಡಿಯೂ ಪತ್ರಿಕೆ ಚಿರಂಜೀವಿಯಲ್ಲ. ಆದುದರಿಂದ ಮೂರನೆಯ ಸೂತ್ರ: ಪ್ರತಿ ಮಾಡಿರಿ. ಇಂಚಿಗೆ 300 ಚುಕ್ಕೆಗಳಿಗೆ ಕಡಿಮೆಯಿಲ್ಲದಂತೆ ಸ್ಕ್ಯಾನ್ ಮಾಡಿಸಿ ಎರಡು ಕಡೆ ಇಡಿರಿ. ಒಂದು ಪ್ರತಿ ಬೇರೆ ಊರಿನ ಬಂಧುಗಳಲ್ಲಿರಲಿ. ಸುದ್ದಿಯ ತುಣುಕನ್ನು ಮಾತ್ರ ಕತ್ತರಿಸಬೇಡಿರಿ. ಇಡೀ ಪುಟ ಇರಲಿ. ಪತ್ರಿಕೆಯ ಹೆಸರು, ತಾರೀಖು, ಪುಟದ ಸಂಖ್ಯೆ ಕಾಣುತ್ತಿರಲಿ. ತಾರೀಖಿಲ್ಲದ ತುಣುಕು ತಂದೆಯ ಹೆಸರಿಲ್ಲದ ಅರ್ಜಿಯಂತೆ. ಯಾವ ಕಚೇರಿಯೂ ಅದನ್ನು ಸ್ವೀಕರಿಸದು. ಇನ್ನೊಂದು ಎಚ್ಚರಿಕೆ: ಪ್ರಸಿದ್ಧ ದಿನಗಳ ಮುಖಪುಟಗಳನ್ನು ಪತ್ರಿಕೆಗಳೇ ಆಗಾಗ ಮರುಮುದ್ರಿಸುವುದುಂಟು. ಅಂಥದನ್ನು ಮೂಲವೆಂದು ನಂಬಿ ದುಡ್ಡು ತೆರುವ ಮೊದಲು ಕಾಗದವನ್ನೂ ಹಿಂಬದಿಯ ಪುಟವನ್ನೂ ನೋಡಿರಿ.

ಕಡೆಗೊಂದು ಕಠಿಣ ಪ್ರಶ್ನೆ. ಇದೆಲ್ಲ ಯಾರ ಸೊತ್ತು? ಅಜ್ಜನ ಪತ್ರ ಮನೆಯ ಸೊತ್ತು, ನಿಜ. ಆದರೆ ಅದರಲ್ಲಿ ಊರಿನ ಹೆಸರಿದ್ದರೆ ಊರಿಗೂ ಅದರ ಮೇಲೆ ನೈತಿಕವಾದ ಒಂದು ಹಕ್ಕಿದೆ. ಗುದ್ಲೆಪ್ಪ ಹಳ್ಳಿಕೇರಿಯವರು ಹೊಸರಿತ್ತಿಯಲ್ಲಿಯೇ ಹುಟ್ಟಿ ಸ್ವಾತಂತ್ರ್ಯದ ಹೋರಾಟದಲ್ಲಿಯೂ ಕರ್ನಾಟಕದ ಏಕೀಕರಣದಲ್ಲಿಯೂ ದುಡಿದವರು. ಹಾವೇರಿಯ ಕಾಲೇಜೊಂದು ಅವರ ಹೆಸರಿನಲ್ಲಿದೆ. ಹೊಸರಿತ್ತಿಯಲ್ಲಿ ಗಾಂಧಿ ಗ್ರಾಮೀಣ ಗುರುಕುಲವಿದೆ. ಅಲ್ಲಿಯ ಮಕ್ಕಳು ತಮ್ಮ ಊರಿನ ಏಪ್ರಿಲ್ 1ರ ಕಥೆಯನ್ನು ಪಠ್ಯಪುಸ್ತಕದ ಎರಡು ಸಾಲಿನಲ್ಲಿ ಓದುವುದಕ್ಕೂ, ಅದೇ ಸೀಮೆಯ ಒಂದು ಮನೆಯಿಂದ ಬಂದ ಪತ್ರವನ್ನು ಕಣ್ಣಾರೆ ಕಾಣುವುದಕ್ಕೂ ಅಂತರವಿಲ್ಲವೆ? ಮೂಲವನ್ನು ಕೊಡಲು ಮನಸ್ಸು ಬಾರದಿದ್ದರೆ ಸ್ವಚ್ಛವಾದ ಒಂದು ಪ್ರತಿಯನ್ನಾದರೂ ಹತ್ತಿರದ ಶಾಲೆಗೋ ಗ್ರಂಥಾಲಯಕ್ಕೋ ಕೊಡಬಹುದು. ಕೊಡುವಾಗ ಒಂದು ರಸೀತಿ ಪಡೆಯಿರಿ. ಇದು ಅವಿಶ್ವಾಸವಲ್ಲ, ಆ ರಸೀತಿಯೇ ಮುಂದೆ ಇನ್ನೊಂದು ದಾಖಲೆ.

ಮುಂದೆ ಯಾವ ದಿನ ಇತಿಹಾಸವಾಗುತ್ತದೆಂದು ನಮಗೆ ತಿಳಿಯದು. ಹೊಸರಿತ್ತಿಯವರಿಗೂ ಆ ಬೆಳಗ್ಗೆ ತಿಳಿದಿರಲಿಲ್ಲ. ಹಾಗೆಂದು ಎಲ್ಲ ಪತ್ರಿಕೆಗಳನ್ನೂ ಒಟ್ಟಿದರೆ ಮನೆ ಗೋದಾಮಾದೀತು, ಸುಣ್ಣ ಬಳಿಯುವ ಪಕ್ಷದವರ ತಾಳ್ಮೆಯೂ ತೀರೀತು. ಒಂದು ಒಪ್ಪಂದವನ್ನು ಸೂಚಿಸುತ್ತೇನೆ. ವರ್ಷಕ್ಕೊಮ್ಮೆ, ಯಾವ ವಿಶೇಷವೂ ಇಲ್ಲದ ಒಂದು ದಿನದ ಪತ್ರಿಕೆಯನ್ನು ಪೂರ್ತಿಯಾಗಿ ಇಡಿರಿ: ಪೇಟೆ ಧಾರಣೆ, ವಧೂವರರ ಜಾಹೀರಾತು, ಸಿನೆಮಾದ ಪುಟ, ಶ್ರದ್ಧಾಂಜಲಿಗಳ ಸಮೇತ. ಅದರೊಡನೆ ಮನೆಯವರೆಲ್ಲ ಸೇರಿ ಒಂದು ಪುಟ ಬರೆದಿಡಿರಿ: ಆ ವರ್ಷ ಜೋಳ ಎಷ್ಟಕ್ಕೆ ತಂದಿರಿ, ಯಾವ ಮಗು ಶಾಲೆಗೆ ಸೇರಿತು, ಯಾರು ಮನೆಯಿಂದ ಕಡಿಮೆಯಾದರು, ಊರಿನಲ್ಲಿ ಜನ ಏನು ಮಾತಾಡಿಕೊಳ್ಳುತ್ತಿದ್ದರು. ಹಿರಿಯರು ಹೇಳಲಿ, ಕಿರಿಯರು ಬರೆಯಲಿ, ಗೃಹಿಣಿ ಲೆಕ್ಕ ತಿದ್ದಲಿ. ಪೆಟ್ಟಿಗೆ ಒಂದೇ ಇರಲಿ. ಅದು ತುಂಬಿದ ವರ್ಷ ಏನನ್ನು ಬಿಡಬೇಕೆಂದು ಎಲ್ಲರೂ ಕುಳಿತು ನಿರ್ಧರಿಸಲಿ. ಉಳಿದದ್ದನ್ನು ರದ್ದಿಯವನು ನಿಶ್ಚಿಂತೆಯಿಂದ ತೂಗಿಕೊಂಡು ಹೋಗಲಿ.